*ಬೆಂಗಳೂರಿನಿಂದ ಗಾರ್ಡನ್ ರೀಚ್: ವಿಮಾನಕ್ಕೆ ಎರಡೂವರೆ ಗಂಟೆ, ದೇಹಕ್ಕೆ ಎಂಟು ಗಂಟೆ!*



ಕೋಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ ದಕ್ಷಿಣ ಪೂರ್ವ ರೈಲ್ವೆಯ ಕೇಂದ್ರ ಕಚೇರಿ ಇದೆ, ದೊಡ್ಡ ಹಡಗು ಕಟ್ಟೆಯೂ ಇದೆ. ಅಲ್ಲಿ ಕೆಲಸದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೊರಟ ಹಿರಿಯರಿಗೆ ಎಲ್ಲರೂ ಹೇಳುವುದು ಒಂದೇ ಮಾತು: "ಎರಡೂವರೆ ಗಂಟೆ ಅಷ್ಟೇ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಬಂತು."

ಲೆಕ್ಕ ಹಾಕಿ ನೋಡೋಣ.

ಬೆಂಗಳೂರು–ಕೋಲ್ಕತ್ತಾ ಆಕಾಶಮಾರ್ಗ ಸುಮಾರು 1,550 ಕಿ.ಮೀ. ಹಾರಾಟಕ್ಕೆ ಎರಡೂವರೆಯಿಂದ ಎರಡೂಮುಕ್ಕಾಲು ಗಂಟೆ. ಆದರೆ ಮನೆಯಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಎರಡು ಗಂಟೆ ಕಾಯಬೇಕು. ಇಳಿದ ಮೇಲೆ ಲಗೇಜಿಗೆ ಅರ್ಧ ಗಂಟೆ. ಡಂಡಂ ವಿಮಾನ ನಿಲ್ದಾಣ ಊರಿನ ಈಶಾನ್ಯಕ್ಕೆ, ಗಾರ್ಡನ್ ರೀಚ್ ನೈಋತ್ಯಕ್ಕೆ, ಹೂಗ್ಲಿ ನದಿಯ ದಂಡೆಯಲ್ಲಿ. ಊರು ದಾಟಲು ಇನ್ನೂ ಒಂದು ಗಂಟೆಗೆ ಮೇಲೆ. ಒಟ್ಟು ಎಂಟು ಗಂಟೆ, ಅದರಲ್ಲಿ ಬಹುಪಾಲು ಕುಳಿತೇ ಇರುತ್ತೇವೆ.

*ಕಾಲಿಗೆ ಏನಾಗುತ್ತದೆ?*
ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕುಳಿತಾಗ ಆ ಕೆಲಸ ನಿಂತು ಕಾಲು ಊದಿಕೊಳ್ಳುತ್ತದೆ. ಅಲುಗಾಡದೆ ನಾಲ್ಕು ಗಂಟೆಗಿಂತ ಹೆಚ್ಚು ಪ್ರಯಾಣ ಮಾಡಿದರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಇದು ಬಸ್ಸು, ಕಾರು, ರೈಲಿಗೂ ಅನ್ವಯ. ಹೆದರಬೇಡಿ, ಆರೋಗ್ಯವಂತರಲ್ಲಿ ಇದು ಅಪರೂಪ. ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು, ಕ್ಯಾನ್ಸರ್ ರೋಗಿಗಳು, ಹಿಂದೆ ಹೆಪ್ಪುಗಟ್ಟಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಿ.

*ಹೀಗೆ ಮಾಡಿ*
✅ ಕಾಯುವ ಎರಡು ಗಂಟೆ ಕುರ್ಚಿಗೆ ಅಂಟಿಕೊಳ್ಳಬೇಡಿ, ಆಗಾಗ ನಾಲ್ಕು ಹೆಜ್ಜೆ ಓಡಾಡಿ.
✅ ಸೀಟಿನಲ್ಲಿ ಕುಳಿತೇ ಹಿಮ್ಮಡಿ ಎತ್ತಿ ಇಳಿಸಿ, ಪಾದ ತಿರುಗಿಸಿ.
✅ ಶೌಚಾಲಯಕ್ಕೆ ಏಳಬೇಕಲ್ಲ ಎಂದು ನೀರು ಬಿಡಬೇಡಿ. ವಿಮಾನದೊಳಗಿನ ಗಾಳಿ ತುಂಬಾ ಒಣ. ಏಳುವುದೂ ಒಂದು ವ್ಯಾಯಾಮವೇ.
✅ ಇಳಿಯುವಾಗ ಕಿವಿ ಕಟ್ಟಿದರೆ ಎಂಜಲು ನುಂಗಿ, ಆಕಳಿಸಿ.

*ಸಕ್ಕರೆ ಕಾಯಿಲೆ ಇದ್ದವರಿಗೆ*
ಬೆಳಗಿನ ವಿಮಾನಕ್ಕೆ ಮೂರು ಗಂಟೆಗೇ ಎದ್ದು, ಮಾತ್ರೆ ನುಂಗಿ, ತಿಂಡಿ ಬಿಟ್ಟರೆ ಸಕ್ಕರೆ ಅಂಶ ಕುಸಿಯಬಹುದು. ಊಟಕ್ಕೆ ಮುಂಚಿನ ಮಾತ್ರೆ, ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ಬಾಯಿಗೆ ಹಾಕಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕೆಳಗೆ ಹಾಕುವ ಲಗೇಜಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.

*ಇದನ್ನು ಮರೆಯಬೇಡಿ*
ತಲುಪಿದ ಮೇಲೆ, ಕೆಲವು ವಾರಗಳ ಒಳಗೆ, ಒಂದೇ ಕಾಲು ಊದಿಕೊಂಡು ನೋವು, ಬಿಸಿ ಕಂಡರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಆಸ್ಪತ್ರೆಗೆ ಹೋಗಿ. ಏಕಾಏಕಿ ಉಸಿರುಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ತಡ ಮಾಡದೆ 112ಕ್ಕೆ ಕರೆ ಮಾಡಿ.

ಟಿಕೆಟ್ ಮೇಲಿನ ಗಂಟೆ ನೋಡಬೇಡಿ, ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಣಿಸಿ.

🙏 ಪ್ರಯಾಣ ಹೊರಟ ಹಿರಿಯರಿರುವ ಮನೆಗೆ ಈ ಮಾಹಿತಿ ತಲುಪಿಸಿ.