ಏಸಿಯೊಳಗಿನ ಮಳೆಗಾಲ
ಊರಲ್ಲಿ ಮಳೆಗಾಲಕ್ಕೆ ಚಪ್ಪಲಿ, ಬ್ಯಾಗು, ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುವುದು ನಮಗೆ ಹೊಸತಲ್ಲ. ಹೆಬ್ಬಾಳ, ಆರ್.ಟಿ. ನಗರ, ಯಲಹಂಕಕ್ಕೆ ಬಂದು ನೆಲೆಸಿದ ನಾವು ಇಲ್ಲಿ ಆ ಕಾಟ ಇಲ್ಲ ಅಂದುಕೊಂಡಿದ್ದೇವೆ. ಆದರೆ ಮನೆಯ ಏಸಿಯೊಳಗೇ ಒಂದು ಸಣ್ಣ ಮಳೆಗಾಲ ಇದೆ.

ತಣ್ಣಗಿನ ಕಾಯಿಲ್‌ಗೆ ತಾಗಿದ ಹವೆಯ ತೇವ ನೀರಾಗಿ ಟ್ರೇಗೆ ಇಳಿಯುತ್ತದೆ. ಪೈಪು ಕಟ್ಟಿ ನೀರು ನಿಂತು, ಧೂಳೂ ಸೇರಿದರೆ ಅಲ್ಲಿ ಬೂಷ್ಟು ಬೆಳೆಯುತ್ತದೆ. ಏಸಿ ಹಾಕಿದಾಗ ಅದರ ಕಣಗಳು ಕೋಣೆಗೆ ಹರಡುತ್ತವೆ. ಅಲರ್ಜಿ ಇರುವವರಿಗೆ ಸೀನು, ಕಣ್ಣು ತುರಿಕೆ, ಕೆಲವರಿಗೆ ಉಬ್ಬಸ.

ಬೆಂಗಳೂರಿನ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳ ಅಧ್ಯಯನ ನಡೆಸಿದ್ದರು. ಅಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಇದಕ್ಕೆ ಏಸಿಯನ್ನು ದೂರುವಂತಿಲ್ಲ. ರಸ್ತೆಯ ಹೊಗೆ ನಮ್ಮ ಕೈಯಲ್ಲಿಲ್ಲ, ಏಸಿಯ ಬೂಷ್ಟು ಮಾತ್ರ ನಮ್ಮ ಕೈಯಲ್ಲೇ ಇದೆ.

ಮೇನ್ ಸ್ವಿಚ್ ಆಫ್ ಮಾಡಿ, ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕೋಣ. ಕೂಲಿಂಗ್ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಬರೀ ಫ್ಯಾನ್ ಓಡಲಿ, ಒಳಗಿನ ತೇವ ಆರುತ್ತದೆ. ಮುಗ್ಗಲು ವಾಸನೆ ಬಂದರೆ ಅತ್ತರು ಸಿಂಪಡಿಸಿ ಮುಚ್ಚುವುದು ಬೇಡ. ಮೆಕ್ಯಾನಿಕ್‌ನನ್ನು ಕರೆಸಿ ಕಾಯಿಲ್, ಟ್ರೇ, ಪೈಪು ತೊಳೆಸೋಣ. ಮಗುವಿಗೆ ಉಬ್ಬಸ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸೋಣ.