ಬೀದಿ ಜಗಳಕ್ಕೆ ಯಾವ ಪಟ್ಟು?

ಕರಾಟೆ ಸಾಕಾ, ಬಾಕ್ಸಿಂಗ್ ಬೇಕಾ? ಹಾಸ್ಟೆಲ್‌ನಲ್ಲಿ ಈ ಚರ್ಚೆ ಮುಗಿಯೋದೇ ಇಲ್ಲ. ಕಲೆಯ ಹೆಸರಿಗಿಂತ ಅಭ್ಯಾಸ ಮಾಡೋ ರೀತಿ ಮುಖ್ಯ ಅಂತೀವಿ ನಾವು.

ನಮ್ಮ ಗರಡಿಮನೆಯನ್ನೇ ನೋಡಿ. ಕುಸ್ತಿಯಲ್ಲಿ ಎದುರಾಳಿ ಸುಮ್ಮನೆ ನಿಲ್ಲಲ್ಲ, ತಾನೂ ಬಲ ಹಾಕ್ತಾನೆ. ದಿನಾ ಹಾಗೆ ಸೆಣಸಿದವರು ಯಾರಾದರೂ ಕೊರಳಪಟ್ಟಿ ಹಿಡಿದರೆ ಅಷ್ಟು ಸುಲಭವಾಗಿ ಕಂಗಾಲಾಗಲ್ಲ. ಬಾಕ್ಸಿಂಗ್‌ನ ಬಲ, 1882ರಲ್ಲಿ ಜಿಗೊರೊ ಕಾನೊ ಶುರುಮಾಡಿದ ಜೂಡೋದ ಬಲ ಕೂಡ ಇದೇ. ಕರಾಟೆಯಲ್ಲಿ ಒಬ್ಬರೇ ಮಾಡುವ ಕಾತಾ ಸಾಲದು, ಎದುರಾಳಿಯ ಜೊತೆ ಆಡುವ ಕುಮಿತೆಯೂ ಬೇಕು.

ಆದರೆ ಅಖಾಡದ ಮಣ್ಣು ಮೆತ್ತಗಿರುತ್ತೆ, ಟಾರು ರಸ್ತೆ ಹಾಗಲ್ಲ. ಮಗ್ಗೆಯಲ್ಲೋ ಸಕಲೇಶಪುರದಲ್ಲೋ ಮಳೆಗಾಲದ ರಸ್ತೇಲಿ ಎತ್ತರಕ್ಕೆ ಒದೆಯೋಕೆ ಹೋದರೆ ಮೊದಲು ಬೀಳೋದು ನಾವೇ. ಕೆಳಗೆ ಬಿದ್ದು ಒಬ್ಬನನ್ನ ಹಿಡಿದುಕೊಂಡರೆ ಅವನ ಗೆಳೆಯ ಒದೀಬಹುದು. ಚಾಕು ಬಂದರಂತೂ ಯಾವ ಕಲೆಗೂ ಗ್ಯಾರಂಟಿ ಇಲ್ಲ. ಮೈಸೂರು ದಸರಾದ ವಜ್ರಮುಷ್ಟಿ ಕಾಳಗವನ್ನೂ ತಲೆಯಿಂದ ರಕ್ತ ಬಂದ ಕೂಡಲೇ ನಿಲ್ಲಿಸ್ತಾರೆ. ಬೀದೀಲಿ ನಿಲ್ಲಿಸೋರು ಯಾರು?

ಕಾನೂನೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 35ನೇ ಸೆಕ್ಷನ್ ಆತ್ಮರಕ್ಷಣೆಯ ಹಕ್ಕು ಕೊಡುತ್ತೆ. ಆದರೆ 37ನೇ ಸೆಕ್ಷನ್ ಪ್ರಕಾರ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸೋತು ಬಿದ್ದವನಿಗೆ ಇನ್ನೆರಡು ಬಾರಿಸಿದರೆ ಕೇಸು ನಮ್ಮ ಮೇಲೇ ಬೀಳಬಹುದು.

ಕುಸ್ತಿ, ಜೂಡೋ, ಬಾಕ್ಸಿಂಗ್, ಯಾವುದು ಹತ್ತಿರ ಸಿಗುತ್ತೋ ಅದನ್ನ ಕಲಿಯಿರಿ. ಹಿಡಿತ ಬಿಡಿಸಿಕೊಳ್ಳೋದು, ಬಿದ್ದರೆ ಬೇಗ ಏಳೋದು ಮೊದಲು ಬರಲಿ. ಬಿಡಿಸಿಕೊಂಡ ಮೇಲೆ ಜನ ಇರೋ ಕಡೆ ಓಡಿ, 112ಕ್ಕೆ ಫೋನ್ ಮಾಡಿ. ಬೈಕ್ ತಾಗಿದ್ದಕ್ಕೆ ಶುರುವಾದ ಜಗಳ ಆದರೆ ‘ಸಾರಿ ಅಣ್ಣ’ ಅಂದುಬಿಡಿ. ಮರ್ಯಾದೆ ಏನೂ ಹೋಗಲ್ಲ.