ದಡದ ದೀಪಗಳೂ ಎಣ್ಣೆಯ ಹಡಗೂ

ತೊಗಲುಬೊಂಬೆಯ ಆಟವನ್ನು ನೋಡಿದವರಿಗೆ ನಾವೀಗ ಹೇಳಲಿರುವ ವಿಷಯವು ಬೇಗನೆ ತಿಳಿಯುವುದು. ಪರದೆಯ ಹಿಂದೆ ದೀಪವಿರುವುದರಿಂದಲೇ ಬೊಂಬೆಯ ಆಕಾರವು ನಮ್ಮ ಕಣ್ಣಿಗೆ ಬೀಳುತ್ತದೆ. ದೀಪವನ್ನು ಆರಿಸಿದರೆ ರಾಮನೂ ಇಲ್ಲ, ರಾವಣನೂ ಇಲ್ಲ. 1942ರಲ್ಲಿ ಅಮೆರಿಕಾ ದೇಶದ ಮೂಡಣ ಕರಾವಳಿಯಲ್ಲಿ ನಡೆದುದು ಇಂಥದೇ ಆಟ. ಬೊಂಬೆಗಳು ಎಣ್ಣೆಯ ಹಡಗುಗಳು. ದೀಪಗಳು ಕಡಲ ತಡಿಯ ಪಟ್ಟಣಗಳವು. ನೋಡುವವರು ಜರ್ಮನ್ ಸಬ್‌ಮೆರೀನುಗಳಲ್ಲಿ ಹೊಂಚುತ್ತಿದ್ದವರು.

ಟೆಕ್ಸಾಸ್ ಪ್ರಾಂತದ ಎಣ್ಣೆಯು ನ್ಯೂಯಾರ್ಕಿಗೆ ಸೇರಬೇಕಾದರೆ ಆಗ ಮುಖ್ಯವಾಗಿ ಸಮುದ್ರಮಾರ್ಗವೇ ಗತಿ. ಹಡಗುಗಳು ಫ್ಲಾರಿಡಾವನ್ನು ಬಳಸಿಕೊಂಡು ದಡಕ್ಕೆ ಸಮೀಪವಾಗಿಯೇ ಸಾಗುತ್ತಿದ್ದುವು. 1941ರ ಡಿಸೆಂಬರಿನಲ್ಲಿ ದೇಶವು ಯುದ್ಧಕ್ಕಿಳಿದಿದ್ದರೂ ವಿಹಾರದ ಊರುಗಳಲ್ಲಿ ದೀಪಗಳು ಉರಿಯುತ್ತಲೇ ಇದ್ದುವು. ಪ್ರವಾಸಿಗಳು ಬಾರದೆ ವ್ಯಾಪಾರವು ಕೆಟ್ಟೀತೆಂಬ ಅಂಜಿಕೆ! ನಾವಾಗಿದ್ದರೂ ಹೀಗೆಯೇ ಅಂಜುತ್ತಿದ್ದೆವೋ ಏನೋ.

ಏಪ್ರಿಲ್ 10ರ ರಾತ್ರಿ, ಹತ್ತು ಗಂಟೆ ಕಳೆದಿತ್ತು. ಜ್ಯಾಕ್ಸನ್‌ವಿಲ್ ಬೀಚೆಂಬ ಊರಿನಿಂದ ಸುಮಾರು 5 ಮೈಲಿಗಳಾಚೆ 'ಗಲ್ಫ್‌ಅಮೆರಿಕಾ' ಎಂಬ ಹೊಸ ಹಡಗು ತುಂಬಿದ ಎಣ್ಣೆಯೊಡನೆ ತನ್ನ ಮೊದಲ ಯಾತ್ರೆಯಲ್ಲಿತ್ತು. ಊರಿನ ಬೆಳಕಿಗೆ ಅಡ್ಡಲಾಗಿ ಅದರ ಕರಿಯ ಆಕಾರವು ತೋರಿತು. ಯು-123 ಎಂಬ ಸಬ್‌ಮೆರೀನು ಟಾರ್ಪೀಡೊವನ್ನು ಬಿಟ್ಟಿತು. ಬೆಂಕಿಯೆದ್ದುದನ್ನು ಕಂಡು ಊರ ಜನರು ದಡಕ್ಕೆ ಓಡಿಬಂದು ನಿಂತರು.

ಇನ್ನು ಫಿರಂಗಿಯಿಂದ ಕೆಲಸವನ್ನು ಮುಗಿಸಬೇಕು. ಆದರೆ ಕಡಲ ಕಡೆಯಿಂದ ಹೊಡೆದರೆ, ಗುರಿ ತಪ್ಪಿದ ಗುಂಡುಗಳು ಆ ಮನೆಗಳ ಮೇಲೆಯೇ ಬೀಳುವುವು. ಆದುದರಿಂದ ನಾಯಕನಾದ ಹಾರ್ಡೆಗೆನ್ನನು ಹಡಗನ್ನು ಸುತ್ತಿ, ನೀರು ಆಳವಿಲ್ಲದ ದಡದ ಕಡೆಗೆ ಬಂದು, ಸಮುದ್ರದತ್ತ ಮುಖಮಾಡಿ ಹೊಡೆಸಿದನು. ಈಗ ದೀಪಗಳಿಗೆ ಅಡ್ಡವಾಗಿ ನಿಂತವನು ತಾನೇ! ಅವನ ಈ ಎಚ್ಚರಿಕೆಯನ್ನು ಕೆಲವರು ಔದಾರ್ಯವೆಂದು ಹೊಗಳುವುದುಂಟು. ದಡದವರಿಗೆ ಅದು ಔದಾರ್ಯವೇ ಸರಿ. ಹಡಗಿನಲ್ಲಿದ್ದ 48 ಮಂದಿಯಲ್ಲಿ 19 ಮಂದಿ ಮಡಿದರೆಂಬುದನ್ನೂ ಜೊತೆಗೇ ಹೇಳಬೇಕು. ಮುರಿದ ಹಡಗು 16ನೆಯ ತಾರೀಖಿನವರೆಗೆ ಮುಳುಗಲಿಲ್ಲ.

ಮರುದಿನವೇ ಫ್ಲಾರಿಡಾದ ಗವರ್ನರು ಕಡಲ ದಡದ ದೀಪಗಳನ್ನು ಮರೆಮಾಡಲು ಆಜ್ಞೆಯಿತ್ತರು. ಮೇ ತಿಂಗಳಿನಿಂದ ಆ ಕರಾವಳಿಯ ಹಡಗುಗಳನ್ನು ಗುಂಪುಗಳಾಗಿ, ಕಾವಲಿನೊಡನೆ ಕಳುಹಿಸತೊಡಗಿದರು. ಎಣ್ಣೆಗೆ ಮಾತ್ರ ಬೇರೊಂದು ದಾರಿಯನ್ನೇ ಮಾಡಿದರು: ಟೆಕ್ಸಾಸಿನಿಂದ ಮೂಡಣ ತೀರದವರೆಗೆ 24 ಅಂಗುಲ ವ್ಯಾಸದ ಉಕ್ಕಿನ ಕೊಳವೆಯನ್ನು ನೆಲದಲ್ಲಿ ಹೂಳಿದರು. 1943ರಲ್ಲಿ ಅದು ಪೂರ್ತಿಯಾಯಿತು.